ಹದಿನೇಳನೆಯ ಗೂಟ

ತಕ್ಕಡಿಗಳ ಲೋಕಕ್ಕೆ ಅವನೇ ಚಕ್ರವರ್ತಿ. ಸೈಕಲ್ ಅಂಗಡಿಗೂ ಬಟ್ಟೆ ಒಗೆಯುವ ಅಂಗಡಿಗೂ ನಡುವೆ ತುರುಕಿದ, ಎರಡು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವ ಕೋಣೆಯೇ ಅವನ ಅರಮನೆ. ಸಿಂಹಾಸನವೆಂದರೆ ಒಂದು ಸ್ಟೂಲು. ಅದರ ಮೂರು ಕಾಲು ಗಟ್ಟಿ, ನಾಲ್ಕನೆಯದಕ್ಕೆ ಮಡಚಿದ ರಟ್ಟಿನ ಆಸರೆ. ಊರಿನ ತಕ್ಕಡಿಗಳನ್ನೆಲ್ಲ ಕೂದಲೆಳೆಯಷ್ಟೂ ಓರೆಯಾಗದಂತೆ ನಿಲ್ಲಿಸುವ ಮಹಾಶಯ, ತಾನು ಮಾತ್ರ ಹತ್ತು ವರ್ಷದಿಂದ ಓರೆಯಾಗಿಯೇ ಕೂತಿದ್ದ.

ತರಕಾರಿಯವರು, ಮಾಂಸದಂಗಡಿಯವರು, ಹಳೆ ಕಬ್ಬಿಣದವರು ತಮ್ಮ ತಕ್ಕಡಿಗೆ ಕಾಯಿಲೆ ಬಿದ್ದಾಗ ಅವನಲ್ಲಿಗೇ ಹೊತ್ತು ತರುತ್ತಿದ್ದರು. ರೋಗಿಯನ್ನು ನೋಡಿದ ಕೂಡಲೇ ಅವನಿಗೆ ಮಾಲೀಕನ ಜಾತಕ ತಿಳಿದುಬಿಡುತ್ತಿತ್ತು. ತಟ್ಟೆಯ ಅಡಿಗೆ ಅಂಟಿಸಿದ ಅಯಸ್ಕಾಂತ, ಸ್ಪ್ರಿಂಗಿಗೆ ಸಿಕ್ಕಿಸಿದ ತಂತಿ, ಇವೆಲ್ಲ ಹೊಸಬರ ಆಟ. ಎಲ್ಲಕ್ಕಿಂತ ಹಳೆಯದಾದ, ಚಿಕ್ಕಾಸೂ ಖರ್ಚಿಲ್ಲದ ಉಪಾಯವೆಂದರೆ ತೂಗುವಾಗ ತಟ್ಟೆಯ ಅಂಚಿಗೆ ಏನೂ ಅರಿಯದಂತೆ ತಾಗುವ ಹೆಬ್ಬೆರಳು. "ಕಳ್ಳ ತಕ್ಕಡೀಲಿ ಇರಲ್ಲಪ್ಪ, ಹೆಬ್ಬೆರಳಲ್ಲಿ ಇರ್ತಾನೆ" ಎಂದು ಅವನು ಗಿರಾಕಿಗಳಿಗೆ ಉಪದೇಶ ಕೊಡುತ್ತಿದ್ದ. ದೊಡ್ಡವರೂ ಮಕ್ಕಳೂ ಅವನನ್ನು ಕರೆಯುತ್ತಿದ್ದದ್ದು ತಕ್ಕಡಿ ಮಾಮ ಎಂದೇ.

ಇಂಥ ಶೂರನಿಗೂ ಒಂದು ಭಯವಿತ್ತು. ನಾಲ್ಕು ಜನ ಏನಂತಾರೋ! ಈ ನಾಲ್ಕು ಜನ ಯಾರು, ಎಲ್ಲಿದ್ದಾರೆ, ಬೇರೆ ಉದ್ಯೋಗವಿಲ್ಲದೆ ಇವನ ಬಗ್ಗೆಯೇ ಯಾಕೆ ಮಾತಾಡುತ್ತಾರೆ ಎಂದು ಹೆಂಡತಿ ಹಲವು ಸಲ ಕೇಳಿದ್ದಳು.

ಕಿರಿಯರ ಗಾಳದ ಸಂಘಕ್ಕೆ ಅವನು ಸೇರಿದ್ದೂ ತಕ್ಕಡಿಯ ಪುಣ್ಯದಿಂದಲೇ. ಊರಾಚೆಯ ಕೆರೆಯಲ್ಲಿ ಹತ್ತಾರು ಮಕ್ಕಳು ಭಾನುವಾರ ಬೆಳಿಗ್ಗೆ ಗಾಳ ಹಾಕಿ ಕೂರುತ್ತಿದ್ದರು. ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡಬೇಕು. ತೂಗಲು ಒಬ್ಬ ಬೇಕಿತ್ತು, ತಕ್ಕಡಿ ಮಾಮ ಬಂದ. ಆಮೇಲೊಂದು ದಿನ ಕಾರ್ಯದರ್ಶಿಯೂ ಬೇಕಾದಾಗ ಮಿಕ್ಕ ಪೋಷಕರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಮೀನಿನ ಬಾಯಿಂದ ಗಾಳ ಬಿಡಿಸುತ್ತಿದ್ದ ಇವನು ಅದನ್ನು ನೋಡಲಿಲ್ಲ. ತಲೆಯೆತ್ತಿದಾಗ ಕಾರ್ಯದರ್ಶಿಯಾಗಿಬಿಟ್ಟಿದ್ದ.

ಕೆರೆಯ ದಂಡೆಯುದ್ದಕ್ಕೂ ಸಂಖ್ಯೆ ಬರೆದ ಮರದ ಗೂಟಗಳಿದ್ದವು. ಪಂದ್ಯದ ದಿನ ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ಎತ್ತಿ, ಯಾವ ಗೂಟ ಬಂತೋ ಅಲ್ಲಿ ಕೂರಬೇಕು. ನಾಲ್ಕನೆಯ ಗೂಟ ಸ್ವರ್ಗ. ಅಲ್ಲಿ ಮರದ ನೆರಳಿತ್ತು, ಆಳದ ನೀರಿತ್ತು, ಮೀನುಗಳು ಸಭೆ ಸೇರುತ್ತಿದ್ದದ್ದೂ ಅಲ್ಲೇ. ಹದಿನೇಳನೆಯದು ಪಂಪ್ ಮನೆಯ ಕೊಳವೆಯ ಪಕ್ಕ. ಮುಂದೆ ನೋಡಿದರೆ ಜೊಂಡು, ಹಿಂದೆ ನೋಡಿದರೆ ಮುಳ್ಳುಪೊದೆ, ಕಣ್ಣಿಗೆ ನೇರ ಬಿಸಿಲು. ಗಾಳ ಬೀಸಿದರೆ ಹಿಂದಿನ ಪೊದೆ ಹಿಡಿಯುತ್ತಿತ್ತು, ಎಳೆದರೆ ಮುಂದಿನ ಜೊಂಡು ಹಿಡಿಯುತ್ತಿತ್ತು. ಹಿಡಿಯದೆ ಉಳಿದದ್ದು ಮೀನೊಂದೇ.

ಮಾಮನ ಮಗಳು ಹನ್ನೆರಡರ ಹುಡುಗಿ. ನೀರ ಮೇಲೆ ತೇಲುವ ಗಾಳದ ಬೆಂಡು ಅಲುಗುವ ಮುಂಚೆಯೇ ಅವಳ ಮಣಿಕಟ್ಟಿಗೆ ಸುದ್ದಿ ಮುಟ್ಟುತ್ತಿತ್ತು. ಡಬ್ಬಿಯ ಕಾಲದ ಕೊನೆಯ ವರ್ಷ ಅವಳಿಗೆ ಎರಡು ಪಂದ್ಯಗಳಲ್ಲಿ ಸಾಲಾಗಿ ನಾಲ್ಕನೆಯ ಗೂಟವೇ ಬಂತು. ಎರಡರಲ್ಲೂ ಗೆದ್ದಳು. ಎರಡನೆಯ ಸಲ ಅವಳು ಎತ್ತಿದ ಗೆಂಡೆಮೀನನ್ನು ಅಪ್ಪ ತೂಗುತ್ತಿದ್ದಾಗ, ಮಗನನ್ನು ಪಂದ್ಯಕ್ಕೆ ಕರೆತಂದಿದ್ದ ಔಷಧಿ ಅಂಗಡಿಯವನು ಎಲ್ಲರಿಗೂ ಕೇಳುವಂತೆ ಹೇಳಿದ:

"ಡಬ್ಬಿ ನಿಮ್ದು, ಚೀಟಿ ನಿಮ್ದು, ತಕ್ಕಡಿ ನಿಮ್ದು, ಮಗಳೂ ನಿಮ್ಮವಳೇ. ಮೀನಾದ್ರೂ ಕೆರೇದು ತಾನೆ ಮಾಮ, ಇಲ್ಲಾ ಅದೂ ಮನೆಯಿಂದ ತಂದಿದ್ದಾ?"

ಎಲ್ಲರೂ ನಕ್ಕರು. ಅದು ತಮಾಷೆಯೇ. ಔಷಧಿಯವನು ಮರುಕ್ಷಣವೇ ಮರೆತು ಮಗನ ಮೂಗು ಒರೆಸಲು ಹೋದ. ಆದರೆ ತಕ್ಕಡಿ ಮಾಮನ ಎದೆಯಲ್ಲಿ ಆ ಮಾತು ಜೊಂಡಿಗೆ ಸಿಕ್ಕ ಗಾಳದಂತೆ ಕೂತಿತು. ಕೊನೆಗೂ ಆ ನಾಲ್ಕು ಜನ ಬಂದೇಬಿಟ್ಟಿದ್ದರು!

ಇಂಥ ಹೊತ್ತಿನಲ್ಲಿ ರಂಗಕ್ಕೆ ಬಂದವನು ಬಾಮೈದ. ಮೊಬೈಲ್ ರಿಪೇರಿ ಅಂಗಡಿಯವನು, ಅಕ್ಕನ ಮನೆಗೆ ಊಟಕ್ಕೆಂದೇ ಹುಟ್ಟಿದವನು.

"ಏನ್ ಭಾವ, ಇನ್ನೂ ಬಿಸ್ಕತ್ ಡಬ್ಬಿ ಹಿಡ್ಕೊಂಡು ಕೂತಿದೀರ? ಸಂಘ ನಡೆಸೋಕೇ ಅಂತ ಆ್ಯಪ್ ಬಂದಿದೆ. ಕೊಡಿ ಇಲ್ಲಿ ಫೋನು."

"ನನಗೆ ಅವೆಲ್ಲ ಬರಲ್ಲ ಕಣೋ."

"ನಿಮಗೆ ಬರಬೇಕಾಗಿಲ್ಲ. ಅದಕ್ಕೆ ಬರುತ್ತೆ."

ಅದಕ್ಕೆ ನಿಜಕ್ಕೂ ಬರುತ್ತಿತ್ತು. ಮೊದಲು ಪಂದ್ಯ ಮುಂದೆ ಹೋದರೆ ಮಾಮ ಒಂದೊಂದು ಮನೆಗೂ ಫೋನು ಮಾಡುತ್ತಿದ್ದ. ಕೊನೆಯ ಮನೆಗೆ ತಲುಪುವಷ್ಟರಲ್ಲಿ ಮೊದಲನೆಯ ಮನೆಯವರು ದಿನ ಮರೆತು ಮತ್ತೆ ಕೇಳುತ್ತಿದ್ದರು. ಈಗ ಒಂದು ಗುಂಡಿ ಒತ್ತಿದರೆ ಎಲ್ಲರ ಜೇಬಿನಲ್ಲೂ ಏಕಕಾಲಕ್ಕೆ ಗಂಟೆ. ಪೋಷಕರ ಒಪ್ಪಿಗೆ ಫೋನಿನಲ್ಲೇ ಬಂತು. ಸಂಘದ ಕೋಲುಗಳಲ್ಲಿ ಯಾವುದು ಯಾರ ಮನೆಯಲ್ಲಿದೆ ಎಂದು ಗೊತ್ತಾಗತೊಡಗಿ, ಮಂಚದ ಕೆಳಗೆ ವನವಾಸದಲ್ಲಿದ್ದ ಆರು ಕೋಲು ವಾಪಸಾದವು. ಯಾರ ಕಾರಿನಲ್ಲಿ ಸೀಟು ಖಾಲಿಯಿದೆ ಎಂದು ತೋರಿಸುವ ಪುಟ ಬಂದ ಮೇಲೆ, ಗಾಡಿಯಿಲ್ಲದ ಮನೆಗಳ ಮಕ್ಕಳೂ ಕೆರೆ ಕಂಡರು. ಆಸ್ಪತ್ರೆಯಲ್ಲಿ ಪಾಳಿ ಮಾಡುವ ಒಬ್ಬ ತಾಯಿ, ತನ್ನ ಅವಳಿ ಹುಡುಗಿಯರು ಯಾವ ಗೂಟದ ಬಳಿ ಕೂತಿದ್ದಾರೆ ಎಂದು ನಕ್ಷೆಯಲ್ಲಿ ನೋಡಿ ನಿಶ್ಚಿಂತೆಯಿಂದ ಸೂಜಿ ಚುಚ್ಚುತ್ತಿದ್ದಳಂತೆ. ಡಬ್ಬಿಯ ಕಾಲದಲ್ಲಿ ಒಂದು ಬೆಂಚಿನಲ್ಲಿ ಹಿಡಿಸುತ್ತಿದ್ದ ಸಂಘ, ವರ್ಷ ತುಂಬುವ ಮೊದಲೇ ದಂಡೆಯ ತುಂಬ ಹರಡಿತು. ಹೊಸ ಗೂಟ ನೆಡಬೇಕಾಯಿತು. ಸೇರಲು ಕಾಯುವವರ ಸರದಿಯೂ ಶುರುವಾಯಿತು. ತಕ್ಕಡಿ ಮಾಮ ಫೋನನ್ನು ಶರಟಿನ ಜೇಬಿನಲ್ಲಿಟ್ಟು ನಡೆಯುವಾಗ, ಎದೆಯ ಮೇಲೆ ಪದಕ ತೂಗುಹಾಕಿಕೊಂಡ ಸೇನಾಪತಿಯ ಗತ್ತು.

ಗೂಟದ ಚೀಟಿಯನ್ನೂ ಆ್ಯಪೇ ಎತ್ತುತ್ತಿತ್ತು. ಆದರೆ ಸಂಘದಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗನಿದ್ದ. ಅವನಿಗೆ ಸಮತಟ್ಟಾದ ಎರಡನೆಯ ಗೂಟವೇ ಬೇಕು. ಆ್ಯಪ್ ಹಾಕಿಕೊಟ್ಟ ದಿನ ಊಟಕ್ಕೆ ಕೂತಲ್ಲೇ ಬಾಮೈದ ಅದಕ್ಕೂ ದಾರಿ ತೋರಿಸಿದ್ದ.

"ನೋಡಿ ಭಾವ, ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡೀರಿ. ಗುಂಡುಪಿನ್ ಚಿತ್ರ ಬಂತಾ? ಈಗ ಗೂಟದ ನಂಬರ್ ಹಾಕಿ. ಮುಗೀತು. ಚೀಟಿ ಎತ್ತಿದ್ರೂ ಅವನಿಗೆ ಎರಡೇ ಬರುತ್ತೆ. ಈ ಪಿನ್ನು ಕಾರ್ಯದರ್ಶಿಗೆ ಮಾತ್ರ ಕಾಣೋದು."

ಬಾಮೈದ ಕೈ ತೊಳೆಯಲು ಎದ್ದು ಹೋದ. ಮಾಮ ಫೋನು ಹಿಡಿದು ಕೂತ. ಪಟ್ಟಿಯಲ್ಲಿ ಆ ಹುಡುಗನ ಹೆಸರಿನ ಕೆಳಗೇ ಮಗಳ ಹೆಸರು. ಹೊಸ ವರ್ಷದ ಮೊದಲ ಪಂದ್ಯ. ಇವಳಿಗೆ ಮತ್ತೆ ನಾಲ್ಕು ಬಂದರೆ? ಡಬ್ಬಿ ಹೋಯಿತು, ಈಗ ಫೋನೂ ನಿಮ್ದೇ ಅಂದರೆ?

ಊರಿನ ಹೆಬ್ಬೆರಳುಗಳನ್ನೆಲ್ಲ ಬಯಲಿಗೆಳೆದವನ ಹೆಬ್ಬೆರಳು ತಾನಾಗಿ ಇಳಿಯಿತು. ಗುಂಡುಪಿನ್ನು ಬಂತು. ಅವನು ಹದಿನೇಳು ಎಂದು ಒತ್ತಿದ.

ಒಂದೇ ಸಲ ಅಂದುಕೊಂಡಿದ್ದ. ಆದರೆ ಆ ಪಿನ್ನು ತೆಗೆಯುವವರೆಗೂ ಕೂತಿರುವ ಜಾತಿಯದು. ಎರಡನೆಯ ಪಂದ್ಯದಲ್ಲೂ ಹದಿನೇಳು ಬಂದಾಗ, 'ಇವತ್ತು ನಾನೇನೂ ಒತ್ತಲಿಲ್ಲವಲ್ಲ' ಎಂದು ತನಗೆ ತಾನೇ ಹೇಳಿಕೊಂಡ. ಮೂರನೆಯ ಸಲ, 'ಈಗ ತೆಗೆದರೆ ಅದೂ ಒಂದು ಕೈವಾಡವೇ ಆಗುತ್ತದಲ್ಲ' ಎಂದುಕೊಂಡ. ತಪ್ಪಿಗೂ ನ್ಯಾಯಕ್ಕೂ ನಡುವೆ ಇಷ್ಟು ಸಲೀಸಾಗಿ ಓಡಾಡುವ ತಕ್ಕಡಿಯನ್ನು ಯಾರಾದರೂ ಅವನ ಅಂಗಡಿಗೆ ತಂದಿದ್ದರೆ ಮುಖಕ್ಕೆ ಎಸೆಯುತ್ತಿದ್ದ.

ಇತ್ತ ಸಂಘದ ಕೀರ್ತಿ ಏರಿತು. ಅದರ ತುತ್ತೂರಿಯವನು ಯಾರೆಂದುಕೊಂಡಿರಿ? ಔಷಧಿ ಅಂಗಡಿಯವನೇ! ಕೆಮ್ಮಿನ ಸಿರಪ್ಪು ಕೊಡುತ್ತ ಹೊಸ ಪೋಷಕರಿಗೆ ಹೇಳುತ್ತಿದ್ದ: "ಮಕ್ಕಳನ್ನ ಅಲ್ಲಿಗೆ ಸೇರಿಸಿ. ಅಲ್ಲಿ ವಶೀಲಿ ನಡೆಯಲ್ಲ. ಕಾರ್ಯದರ್ಶಿ ಮಗಳಿಗೇ ಪ್ರತಿ ಸಲ ಹದಿನೇಳು ಬರುತ್ತೆ ಅಂದ್ರೆ ನೀವೇ ಲೆಕ್ಕ ಹಾಕಿ!" ಅವರು ಲೆಕ್ಕ ಹಾಕಿ ಸೇರಿಸುತ್ತಿದ್ದರು. ಪ್ರತಿ ಹೊಸ ಹೆಸರು ಬಂದಾಗಲೂ ಜೇಬಿನಲ್ಲಿ ಗಂಟೆ ಬಾರಿಸುತ್ತಿತ್ತು, ಮಾಮ ಫೋನನ್ನು ಇನ್ನೊಂದು ಜೇಬಿಗೆ ಹಾಕುತ್ತಿದ್ದ.

ಮಗಳು ಮೊದಮೊದಲು ನಕ್ಕಳು. "ಆ ಗೂಟಕ್ಕೂ ನನಗೂ ಮದುವೆ ಮಾಡ್ಬಿಡಿ, ದಿನಾ ಅಲ್ಲೇ ಇರ್ತೀನಿ" ಎಂದಳು. ಆಮೇಲೆ ಟೋಪಿ ಬದಲಾಯಿಸಿ ನೋಡಿದಳು. ಹಸಿರು ಟೋಪಿ, ನೀಲಿ ಟೋಪಿ, ಬಾಮೈದನದೊಂದು ತೂತು ಟೋಪಿ. ಚೀಟಿ ಎತ್ತುವ ಹೊತ್ತಿಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅಪ್ಪನೂ ಅದನ್ನು ನೋಡಿ ಎಲ್ಲರೊಂದಿಗೆ ನಗುತ್ತಿದ್ದ. ನಗದಿದ್ದರೆ ಅನುಮಾನ ಬರುವುದಿಲ್ಲವೇ? ಕ್ರಮೇಣ ಮಕ್ಕಳು ಅವಳನ್ನು ಹೆಸರು ಬಿಟ್ಟು 'ಹದಿನೇಳು' ಎಂದೇ ಕರೆಯತೊಡಗಿದರು. ಒಂದು ದಿನ ಅವಳು ಔಷಧಿಯವನ ಮಗನಿಗೆ ತನ್ನ ಎರೆಹುಳದ ಡಬ್ಬಿ ಚಾಚಿದಾಗ ಅವನು ಕೈ ಹಿಂದಕ್ಕೆಳೆದುಕೊಂಡ.

"ಬೇಡ ಬೇಡ, ನಿನ್ ಡಬ್ಬೀದು ಮುಟ್ಟಿದ್ರೆ ನಂಗೂ ಹದಿನೇಳು ಅಂಟ್ಕೊಳ್ಳುತ್ತೆ."

ಮಾಮ ಅಲ್ಲೇ ಇದ್ದ. ಕೈಯಲ್ಲಿ ತಕ್ಕಡಿ ಹಿಡಿದು, ಅದರ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಬಹಳ ಹೊತ್ತು ನೋಡಿದ.

ವಾರ್ಷಿಕ ಪಂದ್ಯ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಅವನು ಮಾಂಸದಂಗಡಿಯ ತಕ್ಕಡಿಯ ಕರುಳು ಬಿಚ್ಚಿಟ್ಟುಕೊಂಡಿದ್ದಾಗ ಫೋನು ಟಿಣ್ ಅಂದಿತು. 'ಒಬ್ಬ ಸದಸ್ಯರು ಸಂಘ ಬಿಡಲು ಕೋರಿದ್ದಾರೆ' ಎಂದಿತ್ತು. ಕೆಳಗೆ ಮಗಳ ಹೆಸರು. ಕಾರಣ ಬರೆಯುವ ಜಾಗದಲ್ಲಿ 'ನನಗೆ ಮೀನು ಹಿಡಿಯೋಕೆ ಬರಲ್ಲ.' ಅದರ ಕೆಳಗೆ ಎರಡು ಗುಂಡಿ: ಒಪ್ಪಿಗೆ, ನಿರಾಕರಣೆ.

ಬೆಳಿಗ್ಗೆ ತಾನೇ ಎದುರುಬದುರು ಕೂತು ತಿಂಡಿ ತಿಂದಿದ್ದರು. ಅವಳು ಉಪ್ಪು ಕೇಳಿದ್ದಳು, ಇವನು ಕೊಟ್ಟಿದ್ದ. ಬಾಯಲ್ಲಿ ಹೇಳಲಾಗದ್ದನ್ನು ಸಾಲಿನಲ್ಲಿ ನಿಂತ ಅಪರಿಚಿತಳಂತೆ ಅರ್ಜಿ ಹಾಕಿದ್ದಳು. ಇಷ್ಟು ಮಕ್ಕಳನ್ನು ಕೆರೆಗೆ ಕರೆತಂದ ಯಂತ್ರ, ಇವನ ಮಗಳನ್ನು ಕಳಿಸಿಕೊಡಲು ಇವನದೇ ಹೆಬ್ಬೆರಳಿಗಾಗಿ ಕಾಯುತ್ತಿತ್ತು.

ತಕ್ಕಡಿಯ ಕರುಳನ್ನು ಹಾಗೆಯೇ ಬಿಟ್ಟು ಅವನು ಮನೆಗೆ ಹೋದ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಯಾರದೋ ಕಿಟಕಿಯ ಪರದೆಗೆ ಅಂಚು ಹೊಲಿಯುತ್ತಿದ್ದಳು. ಅವಳಿಗೆ ಹೇಳಿದ. ಅರ್ಧ ಹೇಳುವಷ್ಟರಲ್ಲಿ ಪೆಡಲು ನಿಂತಿತು.

"ಇನ್ನೊಂದ್ಸಲ ಹೇಳಿ. ಮಗಳಿಗೆ ಒಳ್ಳೇ ಜಾಗ ಸಿಗ್ಲಿ ಅಂತ ಒತ್ತಿದ್ರಾ?"

"ಇಲ್ಲ ಕಣೇ. ಕೆಟ್ಟ ಜಾಗ."

"ಮೋಸ ಮಾಡೋಕೂ ನೆಟ್ಟಗೆ ಬರಲ್ವಲ್ರೀ ನಿಮಗೆ! ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ಅದಕ್ಕೆ ಕೈಕಾಲು ಬಂದಂಗಿದೀರ."

"ಬೇರೆಯವರ ಮಕ್ಕಳಿಗೆ ಅನ್ಯಾಯ ಆಯ್ತು ಅನ್ನಬಾರ್ದಲ್ಲ ಅಂತ..."

"ಅಂದ್ರೆ ನಮ್ಮನೇದು ಮಗು ಅಲ್ವಾ? ಗೊಂಬೆನಾ?"

ಅವನು ಮೆಲ್ಲಗೆ ಕೇಳಿದ: "ನೀನೇ ಅವಳಿಗೊಂದು ಮಾತು..."

"ನಾನ್ಯಾಕೆ? ಬೆರಳು ನಿಮ್ದು, ಬಾಯೂ ನಿಮ್ದೇ ಬಿಡಿ." ಪೆಡಲು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ಮಗಳು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಗಾಳದ ಕೊಕ್ಕೆಗಳನ್ನು ಹರಡಿಕೊಂಡು, ಸಣ್ಣವನ್ನೂ ದೊಡ್ಡವನ್ನೂ ಬೇರೆ ಮಾಡಿ ಬೆಂಕಿಪೊಟ್ಟಣಗಳಿಗೆ ತುಂಬುತ್ತಿದ್ದಳು. ಗಾಲಿಕುರ್ಚಿಯ ಹುಡುಗನಿಗೆ ಕೊಟ್ಟುಬಿಡಲಂತೆ. ಅಪ್ಪ ಪಕ್ಕದಲ್ಲಿ ಕೂತ. ಆ್ಯಪ್ ಎಷ್ಟು ಅನುಕೂಲ, ಸಂಘ ಹೇಗೆ ಬೆಳೆಯಿತು, ಗುಂಡುಪಿನ್ನು ಎಂಥ ಒಳ್ಳೆಯ ಉದ್ದೇಶದ್ದು ಎಂದೆಲ್ಲ ಸುತ್ತಿ ಬಳಸಿ ಬಂದು, ಕೊನೆಗೆ ಹೇಳಿಬಿಟ್ಟ.

ಅವಳ ಕೈ ನಿಂತಿತು. "ಯಾವಾಗಿಂದ?"

"ಆ್ಯಪ್ ಬಂದಾಗಿಂದ."

"ಎಲ್ಲಾ ಸಲಾನಾ?"

"ಎಲ್ಲಾ ಸಲ."

ಅವಳು ಒಂದು ಕೊಕ್ಕೆಯನ್ನು ತೆಗೆದು ಪೊಟ್ಟಣಕ್ಕೆ ಹಾಕಿದಳು. ದೊಡ್ಡವುಗಳ ಪೊಟ್ಟಣಕ್ಕೆ ಸಣ್ಣದು ಬಿತ್ತು.

"ನಾನು ಟೋಪಿ ಬದಲಾಯಿಸ್ತಿದ್ದೆ ಅಪ್ಪ."

"ಹೂಂ."

"ನೀನು ನೋಡ್ತಿದ್ದೆ."

"ಹೂಂ ಮಗಳೇ."

"ನಗ್ತಾನೂ ಇದ್ದೆ."

ಅವಳು ಎದ್ದಳು. "ಎಲ್ಲರ ಮುಂದೆ ಹೇಳು. ನನಗೆ ಬರಲ್ಲ ಅಂತ ಎಲ್ಲರೂ ಅಂದ್ಕೊಂಡಿದಾರೆ. ನಾನೂ ಅಂದ್ಕೊಂಡಿದ್ದೆ. ಹೇಳಿದ ಮೇಲೆ ನೋಡ್ತೀನಿ" ಎಂದು ಒಳಗೆ ಹೋದಳು.

ವಾರ್ಷಿಕ ಪಂದ್ಯದ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರಿಗೂ ಕಾಣಲೆಂದು ಬಾಮೈದ ತನ್ನ ಅಂಗಡಿಯ ಟಿವಿಯನ್ನು ತಂದು ಪಂಪ್ ಮನೆಯ ಗೋಡೆಗೆ ಒರಗಿಸಿ, ಭಾವನ ಫೋನಿಗೆ ಜೋಡಿಸಿದ್ದ. ತಕ್ಕಡಿ ಮಾಮ ಕಲ್ಲಿನ ಮೇಲೆ ಹತ್ತಿ ನಿಂತ. ಹೇಳಿದ. ಈ ಸಲ ಸುತ್ತಲಿಲ್ಲ, ಬಳಸಲಿಲ್ಲ. ಗುಂಡುಪಿನ್ನನ್ನು ಟಿವಿಯಲ್ಲಿ ತೋರಿಸಿದ. "ಇದು ಮೋಸ. ಮಾಡಿದವನು ನಾನು. ಅವಳಿಗೆ ಮೀನು ಹಿಡಿಯೋಕೆ ಬರುತ್ತೆ" ಎಂದ.

ಔಷಧಿ ಅಂಗಡಿಯವನು ಕೈಯೆತ್ತಿ ಕೂಗಿದ: "ಇಂಥ ಕಾರ್ಯದರ್ಶಿ ಎಲ್ಲಿ ಸಿಗ್ತಾರ್ರೀ! ಊರ ಮಕ್ಕಳಿಗೋಸ್ಕರ ಸ್ವಂತ ಮಗಳನ್ನೇ ಹದಿನೇಳಕ್ಕೆ ಕೂರಿಸಿದ ಮನುಷ್ಯ!"

ಚಪ್ಪಾಳೆ ಬಿತ್ತು. ಸುರಿಮಳೆಯಂತೆ ಬಿತ್ತು. ಯಾರೋ ಒಬ್ಬರು ಕಣ್ಣೊರೆಸಿಕೊಂಡರು. ಬೈಗುಳಕ್ಕೆಂದು ಬೆನ್ನು ಬಗ್ಗಿಸಿ ನಿಂತವನಿಗೆ ಹಾರ ಬಿದ್ದಂತಾಯಿತು. ಗುಂಪಿನ ನಡುವೆ ಮಗಳು ಕೈ ಕಟ್ಟಿ ನಿಂತು ಚಪ್ಪಾಳೆ ತಟ್ಟುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು. ಅವಳಿಗಾದ ಅನ್ಯಾಯವನ್ನು ಇವನ ತಲೆಗೆ ಕಿರೀಟ ಮಾಡಿ ಇಡುತ್ತಿದ್ದರು.

"ತಟ್ಟಬೇಡಿ!" ಮಾಮ ಕಿರುಚಿದ. "ದಯವಿಟ್ಟು ತಟ್ಟಬೇಡಿ. ನಾನು ನಿಮ್ಮ ಮಕ್ಕಳಿಗೋಸ್ಕರ ಮಾಡ್ಲಿಲ್ಲ. ನಿಮ್ಮ ಬಾಯಿಗೆ ಹೆದರಿ ಮಾಡ್ದೆ."

ಚಪ್ಪಾಳೆ ಅಲ್ಲಲ್ಲೇ ಸತ್ತಿತು. ಔಷಧಿಯವನ ಅಂಗೈಗಳು ಗಾಳಿಯಲ್ಲಿ ಪರಸ್ಪರ ಹುಡುಕಿಕೊಂಡು ಸಿಗದೆ ಜೇಬು ಸೇರಿದವು. ಮಾಮ ಎಲ್ಲರ ಕಣ್ಣೆದುರು ಮಗಳ ಹೆಸರಿನ ಪಿನ್ನು ಕಿತ್ತ. ಚೀಟಿ ಎತ್ತುವ ಗುಂಡಿಯನ್ನು ತಾನು ಮುಟ್ಟದೆ, ಆಸ್ಪತ್ರೆಯ ತಾಯಿಯ ಅವಳಿಗಳಲ್ಲಿ ಒಬ್ಬಳನ್ನು ಕರೆದು ಒತ್ತಿಸಿದ. ಟಿವಿಯಲ್ಲಿ ಹೆಸರುಗಳು ಗಿರಗಿರನೆ ತಿರುಗಿ ಒಂದೊಂದೇ ನಿಂತವು.

ಮಗಳ ಹೆಸರಿನ ಮುಂದೆ ಹದಿನೇಳು.

ಅಷ್ಟೂ ತಲೆಗಳು ಮಾಮನ ಕಡೆ ತಿರುಗಿದವು.

"ನಾನಲ್ಲ!" ಎಂದ. "ಲೋ, ನೋಡೋ, ಪಿನ್ನಿದೆಯಾ? ಇಲ್ಲ ತಾನೆ?"

ಬಾಮೈದ ಟಿವಿಯ ಹಿಂದೆ ಮುಂದೆ ಎಲ್ಲ ನೋಡಿದ. "ಇಲ್ಲ ಭಾವ. ಅದಾಗಿ ಅದೇ ಬಂದಿರೋದು."

"ನಿಜವಾಗ್ಲೂ?" ಮಗಳು ಕೇಳಿದಳು.

"ನನ್ ತಕ್ಕಡಿ ಆಣೆ."

"ಆ ಆಣೆ ಬೇಡ."

ಅಂದದ್ದು ಅಷ್ಟೇ. ಆದರೆ ಮಾಡಿದ ತಪ್ಪಿಗೆ ಚಪ್ಪಾಳೆಯನ್ನೂ, ಮಾಡದ ತಪ್ಪಿಗೆ ಅನುಮಾನವನ್ನೂ ಒಂದೇ ಬೆಳಿಗ್ಗೆ ಉಂಡವನಿಗೆ ಮಾತ್ರ ಅದರ ಭಾರ ಗೊತ್ತು.

"ಇನ್ನೊಂದ್ಸಲ ಒತ್ತಿಬಿಡಿ, ಯಾರೂ ಏನೂ ಅನ್ನಲ್ಲ" ಎಂದ ಔಷಧಿಯವನು. ಹೂಂ ಹೂಂ ಎಂದರು ನಾಲ್ಕು ಜನ. ನಲವತ್ತು ಜನ.

"ಬೇಡ," ಎಂದಳು ಅವಳು. "ಬೇಕಾದ್ದು ಬರೋವರೆಗೂ ಒತ್ತೋದೂ ಅದೇ ತಾನೆ?" ಕೋಲು ಹೆಗಲಿಗೇರಿಸಿ ಕೊಳವೆಯ ಕಡೆ ಹೊರಟಳು. ಟೋಪಿ ಹಾಕಿಕೊಂಡಿರಲಿಲ್ಲ.

ಅಲ್ಲಿ ಅದ್ಭುತವೇನೂ ನಡೆಯಲಿಲ್ಲ. ಹಿಂದಿನ ಪೊದೆ ಎರಡು ಕೊಕ್ಕೆ ನುಂಗಿತು, ಜೊಂಡು ಒಂದು ಬೆಂಡನ್ನು ಇಟ್ಟುಕೊಂಡಿತು. ಪಂದ್ಯ ಮುಗಿದಾಗ ಅವಳ ಬಕೆಟ್ಟಿನಲ್ಲಿ ಬೆರಳುದ್ದದ ಎರಡು ಮೀನು. ಅಪ್ಪ ತಕ್ಕಡಿ ಹಿಡಿದು ಬಂದ. ಮೀನುಗಳನ್ನು ತಟ್ಟೆಗೆ ಹಾಕಿ ಮುಳ್ಳು ನಿಲ್ಲಲೆಂದು ಕಾಯುತ್ತಿದ್ದಾಗ ಅವಳು ಅವನ ಕೈಯನ್ನೇ ನೋಡುತ್ತಿದ್ದಳು.

"ಅಪ್ಪ. ಹೆಬ್ಬೆರಳು."

ಹೆಬ್ಬೆರಳು ತಟ್ಟೆಯ ಹತ್ತಿರದಲ್ಲೂ ಇರಲಿಲ್ಲ. ಆದರೂ ಅವನು ಅದನ್ನು ಮುಷ್ಟಿಯೊಳಗೆ ಮಡಚಿಕೊಂಡ. ಅವಳು ಕೊನೆಯಿಂದ ಎರಡನೆಯವಳಾದಳು. ಮೀನುಗಳನ್ನು ನೀರಿಗೆ ಬಿಡುತ್ತ, ಪಕ್ಕದ ಗೂಟದಲ್ಲಿದ್ದ ಔಷಧಿಯವನ ಮಗನಿಗೆ ಹೇಳಿದ್ದು ಮಾಮನಿಗೂ ಕೇಳಿಸಿತು: "ಈ ಗೂಟಾನೇ ಸರಿಯಿಲ್ಲ ಕಣೋ. ಹುಳ ಬೇಕಾ?" ಅವನು ಡಬ್ಬಿಯನ್ನು ಒಂದು ಸಲ ನೋಡಿ, ಎರಡು ಹುಳ ಎತ್ತಿಕೊಂಡ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಜೇಬಿನಿಂದ ಫೋನು ತೆಗೆದ. "ಆ ಕೋರಿಕೆ... ಫೋನಲ್ಲಿ ಇನ್ನೂ ಇದೆ. ನಿರಾಕರಣೆ ಅಂತ ಒತ್ಲಾ?"

"ಮುಟ್ಬೇಡ."

"ಹಾಗಾದ್ರೆ ನೀನೇ ವಾಪಸ್ ತಗೋತೀಯಾ?"

"ಇಲ್ಲ. ಅಲ್ಲೇ ಇರ್ಲಿ."

ಅಲ್ಲೇ ಇದೆ. ಆ್ಯಪ್ ಯಾವುದನ್ನೂ ಮರೆಯುವುದಿಲ್ಲ. ಅದರ ದೊಡ್ಡಗುಣವೇ ಅದು, ಸಂಘ ಬೆಳೆದದ್ದೂ ಅದರಿಂದಲೇ. ಪ್ರತಿ ಪಂದ್ಯದ ಬೆಳಿಗ್ಗೆ ಊರಿನ ಅಷ್ಟೂ ಪೋಷಕರಿಗೆ ನೀರಿನ ಬಾಟಲಿ ತನ್ನಿ, ಟೋಪಿ ಮರೆಯಬೇಡಿ ಎಂದು ನೆನಪಿಸುತ್ತದೆ. ತಕ್ಕಡಿ ಮಾಮನಿಗೊಬ್ಬನಿಗೆ ಇನ್ನೊಂದು ಸಾಲು ಹೆಚ್ಚು: 'ಒಂದು ಕೋರಿಕೆ ನಿಮ್ಮ ತೀರ್ಮಾನಕ್ಕಾಗಿ ಬಾಕಿ ಇದೆ.' ಅವನು ಓದುತ್ತಾನೆ, ಫೋನನ್ನು ಮೇಜಿನ ಮೇಲೆ ಬೋರಲು ಹಾಕುತ್ತಾನೆ. ಅದು ಮತ್ತೆ ಟಿಣ್ ಅನ್ನುತ್ತದೆ.

"ಏನಂತೆ?" ಒಳಗಿನಿಂದ ಮಗಳು ಕೇಳುತ್ತಾಳೆ, ಕೋಲಿಗೆ ದಾರ ಸುತ್ತುತ್ತ.

"ಬಾಕಿ ಇದೆಯಂತೆ."

"ಇರ್ಲಿ ಬಿಡು. ಎರೆಹುಳ ತಗೊಂಡ್ಯಾ?"